ಅರವತ್ತೆರಡರ ಹತ್ರ

ದುಧನಿಯ ಅಡತಿ ಅಂಗಡಿ. ಹತ್ತೂವರಿ.
ಹೊರಗ ತೊಗರಿ ಸವಾಲು ನಡದದ.
ಒಳಗ ಕಂಪ್ಯೂಟರಿನ ಹಸರು ಪಟ್ಟಿ
ಅರವತ್ತೆರಡಕ್ಕ ಬಂದು ಕುಂತದ,
ಏಳವಲ್ದು.

'ಏನಾತವ್ವ?' ಮುನೀಮ ಚನಮಲ್ಲಪ್ಪ
ಚಸ್ಮಾ ಹಣಿಗೆ ಏರಿಸಿ ಕೇಳಿದ.
'ಆಂಟಿವೈರಸ್ ಹಾಕ್ಲಿಕತ್ತೀನ್ರಿ.
ಇದು ಮೂರನೇ ಸಲ.'

ಮೊದಲ ಸಲ ನೆಟ್ ಇಲ್ಲ ಅಂತು.
ನೆಟ್ ಇತ್ತು. ಮುನೀಮರ ಮೊಮ್ಮಗ
ಅದರಾಗೇ ಕ್ರಿಕೆಟ್ ನೋಡ್ತಿದ್ದ.
ಎರಡನೇ ಸಲ ಬರೇ ಒಂದು ನಂಬರು ತೋರಿಸ್ತು,
ಡಾಕ್ಟರನ ಚೀಟಿ ಹಂಗ, ಓದಾಕ ಬರಲಾರದ್ದು.
ಮೂರನೇ ಸಲ ಏನೂ ಅನಲಿಲ್ಲ.
ನಾ ಮರಾಠಿಯೊಳಗ ಬೈದೆ,
ಕನ್ನಡದಾಗ ವಿಚಾರ ಮಾಡಿದೆ.

ಆಮ್ಯಾಲ ಕಂಡಿತು,
ಪರದೆಯ ಬಲಗಡಿ ಮೂಲ್ಯಾಗ
ತೊಗರಿಕಾಳಿಗಿಂತ ಸಣ್ಣದು, ಕೆಂಪಂದು:
ಹಿಂದಿನ ಕಂಪನಿ ಕಟ್ಟಿ ಹೋದ ಫೈರ್‌ವಾಲು.
ಹೊಸಾದು ತನ್ನ ಮನಿಗೆ ಹೇಳಿ ಕಳಸ್ತದ,
ಬುತ್ತಿ ತರ್ರಿ ಅಂತ.
ಹಳೇದು ಬಾಗಲಾಗ ನಿಂತು
ಬುತ್ತಿ ತಂದವನ್ನ ಹೊಳ್ಳಿ ಕಳಸ್ತದ.

'ಅದರ ರೊಕ್ಕ ನಾಕ ವರ್ಷದಿಂದ ಕಟ್ಟಿಲ್ಲಲ್ಲ,'
ಸಾವಕಾರ ಅಂದ, 'ಸತ್ತಿರಬೇಕು.'
'ಪಗಾರ ನಿಂತದರಿ. ಕೆಲಸ ಬಿಟ್ಟಿಲ್ಲ.'

ಮುನೀಮ ನಕ್ಕ. ಲೆಕ್ಕ ಬದಿಗಿಟ್ಟ.
'ನಮ್ಮ ಲಗಮಣ್ಣಂದೂ ಹಿಂಗ ಆತು ನೋಡು.
ಕಮಿಟಿಯವರು ಹೊಸ ವಾಚ್‌ಮನ್ ತಂದ್ರು,
ಇಂವಗ ಸಾಕಪ್ಪ ಅಂದ್ರು.
ಇಂವ ಹೂಂ ಅಂದ.
ರಾತ್ರಿ ಬಡಿಗಿ ಹಿಡಕೊಂಡು ಬಂದ.
ಕತ್ತಲದಾಗ ಯಾರಂವಾ ಅಂತ ಇಂವ,
ನೀ ಯಾರಂವಾ ಅಂತ ಅಂವ,
ಒಬ್ಬರ ಧೋತ್ರ ಒಬ್ಬರು ಹಿಡದು
ಬೆಳಗು ಮಾಡಿದ್ರು.'

'ಕಳುವಾತೇನ್ರಿ?'

'ಒಂದ ಚೀಲ.
ಕಾಯೂದರಾಗ ಮಾತ್ರ ಇಬ್ಬರೂ ಕಡಿಮಿ ಮಾಡಲಿಲ್ಲ, ತಂಗಿ.'

ಹಳೇದನ್ನ ತಗೀಲಿಕ್ಕೆ ಹೋದ್ರ
ಪಾಸ್‌ವರ್ಡ್ ಕೇಳ್ತು.
ಹಾಕಿದಂವ ಮಹಿಬೂಬ್ ಉಸ್ತಾದ್.
ಸ್ಕ್ರೂ ಡ್ರೈವರ್ ಹಿಡಿಯೂದು ನನಗ ಕಲಿಸಿದಂವ,
ಈಗ ಸೊಲ್ಲಾಪುರದಾಗ ರಿಕ್ಷಾ ಹೊಡೀತಾನ.
ಫೋನಿನ ತುಂಬ ಹಾರ್ನು.
'ಆವತ್ತಿನ ತೊಗರಿ ರೇಟ್ ಹಾಕೀನಿ ನೋಡು, ಬೇಟಿ.
ಯಾವತ್ತು ಅಂದ್ರ... ಸವಾರಿ ಬಂತು, ಇಡ್ತೀನಿ.'

ಯಾವತ್ತು?
'ಪಾಡ್ಯೆದ ದಿನ,' ಅಂದ ಮುನೀಮ.
'ಕಂಪ್ಯೂಟರಿಗೂ ಕುಂಕುಮ ಹಚ್ಚಿದ್ದೆ. ಇನ್ನೂ ಅದ ನೋಡು.'
ಗುಂಡಿಯ ಸಂದ್ಯಾಗ ಇತ್ತು ಖರೇ.
ಏಣಿ ಹಾಕಿ ಅಟ್ಟದ ಮ್ಯಾಲಿಂದ
ಕೆಂಪು ಅರಬಿಯ ಖತಾವಣಿ ಇಳಿಸಿದ.
ಇದಕ್ಕ ವೈರಸ್ ಹತ್ತೂದಿಲ್ಲ, ಅಂದ, ಧೂಳಿ ಜಾಡಿಸಿ.
ಗೆದ್ದಲಿ ಹತ್ತಿತ್ತು. ಅಂಚು ಮಾತ್ರ.
ಪಾಡ್ಯೆದ ಪಾನು ಉಳದಿತ್ತು.

ನಾಕು ಮೂರು ಎಂಟು ಸೊನ್ನಿ.
ಒತ್ತಿದೆ.
ಬಾಗಲಾ ತೆರೀತು.

ನೆಟ್ಟಿನ ವೈರ್ ಕಿತ್ತು, ಹಳೇದನ್ನ ತಗದೆ.
ಹೋಗೂ ಮುಂದ ಅದು ಕೇಳ್ತು:
ಖರೇನ ತಗೀತೀರೇನು?
ಎರಡ ಸಲ ಕೇಳ್ತು.

ಈಗ ವೈರ್ ಹಚ್ಚದಿದ್ರ ಹೊಸಾದು ಬರೂದಿಲ್ಲ,
ಹಚ್ಚಿದ್ರ ಬಾಗಲಿಗೆ ಯಾರೂ ಇಲ್ಲ.
ಹಚ್ಚಿದೆ.

ಸಾವಕಾರ ಬಂದು ಹಿಂದ ನಿಂತ.
ಮುನೀಮ ಖತಾವಣಿಯ ಮ್ಯಾಲ ಕೈ ಇಟ್ಟ.
ಮೊಮ್ಮಗನೂ ಕ್ರಿಕೆಟ್ ಬಿಟ್ಟು ಬಂದ.
ಅರವತ್ತೊಂದು.
ಅರವತ್ತೆರಡು.
ಯಾರೂ ಉಸಿರು ಬಿಡಲಿಲ್ಲ.
ಅರವತ್ತಮೂರು.

ಅಂಗಳದಿಂದ ಒಂದು ಆಡು ಒಳಗ ಬಂದು
ನಮೂನಿ ತಾಟಿನ್ಯಾಗಿನ ತೊಗರಿಗೆ ಬಾಯಿ ಹಾಕ್ತು.
ನಮ್ಮ ಬೆನ್ನ ಹಿಂದ, ಸಾವಕಾಶ,
ಕಟಂ ಕಟಂ.